ಜಟ್ಟಪ್ಪನವರ ಅಭಿಪ್ರಾಯ

ಮಂಚಿಕೇರಿ ಬರುವುದರೊಳಗೆ ಹೇಳಿಬಿಡುವುದು ಎಂದು ಮಮತಾ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲೇ ನಿಶ್ಚಯಿಸಿದ್ದಳು. ಮಂಚಿಕೇರಿ ಬಂತು, ಇಬ್ಬರು ಇಳಿದರು, ಮೂವರು ಹತ್ತಿದರು, ಬಸ್ಸು ಹೊರಟಿತು. ಹೇಳಬೇಕಾದ ಮಾತು ಮಾತ್ರ ಟಿಕೀಟು ತೆಗೆಸಿದ ಪ್ರಯಾಣಿಕನಂತೆ ಅವಳ ಗಂಟಲಲ್ಲಿ ಆರಾಮಾಗಿ ಕೂತಿತ್ತು. ಪಕ್ಕದಲ್ಲಿ ಅಪ್ಪ ಬಸ್ಸಿನ ಯಾವ ಭಾಗಕ್ಕೂ ತಾಗದಂತೆ ಮೊಣಕೈ ಎತ್ತಿ ಹಿಡಿದಿದ್ದ. ಅಮ್ಮ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ ಯಲ್ಲಾಪುರಕ್ಕೆ ಬಿಳಿಯಾಗಿಯೇ ತಲುಪಬೇಕೆಂಬುದು ಈ ಹೊತ್ತಿನ ಅವನ ಒಂದೇ ಚಿಂತೆ. ಹನ್ನೊಂದೂವರೆಗೆ ಅವನಿಗೆ ಸನ್ಮಾನ. ಅರವತ್ತಾರು ವರ್ಷಕ್ಕೆ ಮೊದಲನೆಯದು. ಮರದ ಡಿಪೋದಲ್ಲಿ ಮೂವತ್ತೊಂದು ವರ್ಷ ದಿಮ್ಮಿಗಳ ಉದ್ದ ಸುತ್ತಳತೆ ಹಿಡಿದು ನಂಬರು ಬರೆದದ್ದನ್ನು ಯಲ್ಲಾಪುರದವರು ಕಡೆಗೂ ನೆನಪಿಸಿಕೊಂಡರು ಎಂದು ಅವನು ನಂಬಿದ್ದ. ಸನ್ಮಾನ ದಿಮ್ಮಿಗಲ್ಲ, ಕಂಪ್ಯೂಟರಿನ ಗುಂಡಿಗಳಿಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ಎರಡು ವರ್ಷದಿಂದ ಇಂಟರ್ನೆಟ್ಟಿನಲ್ಲಿ ಜಗಳ ಕಾಯುತ್ತಿರುವ ‘ಜಟ್ಟಪ್ಪ, ಶಿರಸಿ’ ಎಂಬ ಮಹಾಶಯರಿಗೆ, ಆ ಮಹಾಶಯರು ನಾನೇ, ಇಷ್ಟನ್ನು ಅವಳು ಹೇಳಬೇಕಾಗಿತ್ತು. ಎರಡೇ ವಾಕ್ಯ. ಬರೆಯಲು ಬಿಟ್ಟಿದ್ದರೆ ಅರ್ಧ ನಿಮಿಷದ ಕೆಲಸ, ಅಡಿಟಿಪ್ಪಣಿ ಸಮೇತ.

ಇದರಲ್ಲಿ ಮೋಸ ಮಾಡುವ ಉದ್ದೇಶ ಅವಳಿಗಿರಲಿಲ್ಲ. ಅವಳನ್ನು ಮೋಸಕ್ಕೆ ಇಳಿಸಿದ್ದು ಕಾನೂನುಪಾಲನೆ. ಪದವಿ ಮುಗಿಸಿದ ವರ್ಷ ಇನ್ನೊಂದು ಗುಂಪಿನಲ್ಲಿ ತನ್ನದೇ ಹೆಸರು, ತನ್ನದೇ ನಂಬರು ಕೊಟ್ಟು, ಕೀಬೋರ್ಡಿನ ಒತ್ತಕ್ಷರದ ಬಗ್ಗೆ ಮೂರು ಪ್ಯಾರಾ ಬರೆದಿದ್ದಳು. ಉತ್ತರವಾಗಿ ಬಂದವು ಹದಿನೇಳು ‘ಶುಭೋದಯ ಸಿಸ್ಟರ್’, ನಾಲ್ಕು ಗುಲಾಬಿ, ಒಂದು ‘ಊಟ ಆಯ್ತಾ?’ ಒತ್ತಕ್ಷರದ ಬಗ್ಗೆ ಒಬ್ಬನೂ ತುಟಿ ಬಿಚ್ಚಲಿಲ್ಲ. ಆಮೇಲೆ ಈ ‘ತೆರೆಗನ್ನಡ ಬಳಗ’ ಕಣ್ಣಿಗೆ ಬಿತ್ತು. ಸುತ್ತಲ ಮೂರು ತಾಲೂಕಿನ ನಲವತ್ತು ಐವತ್ತು ಜನ ಸೇರಿ ಒಂದು ಪುಕ್ಕಟೆ ಸಾಫ್ಟ್‌ವೇರಿನ ಮಾತುಗಳನ್ನೆಲ್ಲ ಕನ್ನಡಕ್ಕೆ ತರುವ ಉದ್ಯೋಗ ಹಚ್ಚಿಕೊಂಡಿದ್ದರು. ಸೇರಲು ಫೋನ್ ನಂಬರು ಬೇಕು. ಗುಲಾಬಿಗಳ ಹೆದರಿಕೆಗೆ ಅವಳು ಅಪ್ಪನ ಕೀಪ್ಯಾಡ್ ಫೋನಿನ ನಂಬರು ಕೊಟ್ಟಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅವಳು ನಿಯಮಾವಳಿಯ ಹದಿನಾಲ್ಕು ಪುಟವನ್ನೂ ಓದಿದಳು. ಬಹುಶಃ ಅದನ್ನು ಬರೆದವರೂ ಪೂರ್ತಿ ಓದಿರಲಿಕ್ಕಿಲ್ಲ. ಒಂಬತ್ತನೇ ಪುಟದಲ್ಲಿ, ನಂಬರು ಯಾರದ್ದೋ ಹೆಸರೂ ಅವರದ್ದೇ ಇರತಕ್ಕದ್ದು ಎಂದಿತ್ತು. ಇರತಕ್ಕದ್ದು ಎಂದರೆ ಇರತಕ್ಕದ್ದೇ. ಹಾಗೆ ಅವಳು ಅಪ್ಪನ ಹೆಸರು ಹೊತ್ತು ಜಟ್ಟಪ್ಪನಾದಳು. ಮೊದಲ ದಿನ ಬರೆದ ಎರಡು ಸಾಲಿಗೆ ಅರ್ಧ ಗಂಟೆಯಲ್ಲಿ ಉತ್ತರ: ‘ಜಟ್ಟಪ್ಪನವರೇ, ತಮ್ಮ ಮಾತಿನಲ್ಲಿ ತೂಕವಿದೆ. ಆದರೆ ನಾನು ಒಪ್ಪುವುದಿಲ್ಲ.’ ಮಮತಾ ಆ ಸಾಲನ್ನು ಏಳೆಂಟು ಸಲ ಓದಿದ್ದಳು. ನಾನು ಒಪ್ಪುವುದಿಲ್ಲ! ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವಳಿಗೆ ಒಪ್ಪುವುದಿಲ್ಲ ಎಂದಿರಲಿಲ್ಲ. ಯಾರೂ ಒಪ್ಪದಿರುವಂಥದ್ದನ್ನು ಅವಳು ಹೇಳಿಯೇ ಇರಲಿಲ್ಲ.

ಆಮೇಲಿನದ್ದೆಲ್ಲ ಇತಿಹಾಸ. ಸೇವ್ ಗುಂಡಿಯ ಮೇಲೆ ‘ಉಳಿಸು’ ಎಂದಿರಬೇಕೋ ‘ಉಳಿಸಿ’ ಎಂದಿರಬೇಕೋ ಎಂಬುದಕ್ಕೆ ಇನ್ನೂರಹದಿನಾಲ್ಕು ಸಂದೇಶ ನಡೆಯಿತು. ಕಂಪ್ಯೂಟರು ಮನುಷ್ಯನಿಗೆ ಹೇಳುತ್ತಿದೆಯೋ, ಮನುಷ್ಯ ಕಂಪ್ಯೂಟರಿಗೆ ಹೇಳುತ್ತಿದ್ದಾನೋ? ನೌಕರಿಯಿಂದ ನಿವೃತ್ತರಾದ ಹಿರಿಯರೆಲ್ಲ ಯಂತ್ರವಾದರೇನು, ಬಹುವಚನವೇ ಸಂಸ್ಕೃತಿ ಎಂದರು. ಆಗ ಜಟ್ಟಪ್ಪನವರು ಬರೆದರು: ‘ಎತ್ತಿಗೆ ನಡೆಯಿರಿ ಎಂದವರನ್ನು ನಾನು ಕಂಡಿಲ್ಲ. ನಡೆದ ಎತ್ತನ್ನೂ ಕಂಡಿಲ್ಲ.’ ಇನ್ನೂರಹದಿನಾಲ್ಕಕ್ಕೆ ಆ ಜಗಳ ನಿಂತಿತು. ಎತ್ತಿನ ಮಾತು ಅಪ್ಪನದ್ದೇ. ಯಾವಾಗಲೋ ಗೇಟಿನ ಹತ್ತಿರ ಪಕ್ಕದ ಮನೆಯವರಿಗೆ ಅಂದದ್ದು. ಜಟ್ಟಪ್ಪನ ಹೆಸರಿಗೆ ಒಂದು ಶರೀರ ಬೇಕಾದಾಗಲೆಲ್ಲ ಮಮತಾ ಅಪ್ಪನಿಂದ ಒಂದೊಂದೇ ಭಾಗ ಕಳಚಿ ತಂದು ಜೋಡಿಸಿದ್ದಳು: ಮಂಡಿ ನೋವು, ಎರಡನೇ ಚಹಾ, ಯಾರಾದರೂ ದೊಡ್ಡ ಮಾತಾಡಿದರೆ ‘ಟೇಪು ಹಿಡಿದು ನೋಡುವಾ’ ಎನ್ನುವ ಚಾಳಿ. ವಾದಗಳು ಮಾತ್ರ ಅವಳವು. ಕಂಪ್ಯೂಟರಿನ ತೆರೆಯಲ್ಲಿ ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಾಗುವುದಿಲ್ಲ, ಓದಲಾರದಷ್ಟು ಉದ್ದದ ಕರಾರಿಗೆ ಒತ್ತಿದ ಗುಂಡಿ ಹೆಬ್ಬೆಟ್ಟಿಗಿಂತ ಕಡೆ ಎಂದು ಅವಳು ಯಲ್ಲಾಪುರದ ಸನಾ ಎಂಬ ವಕೀಲೆಯ ಜೊತೆ ಮೂರು ವಾರ ಹೊಡೆದಾಡಿ ಗೆದ್ದಿದ್ದಳು. ಗೆದ್ದ ಬೆಳಿಗ್ಗೆ ಕಿರಾಣಿ ಅಂಗಡಿಯವನು ಕಡಲೆ ಕೇಳಿದರೆ ತೊಗರಿ ಕಟ್ಟಿಕೊಟ್ಟ. ಅವಳು ತೊಗರಿ ಹಿಡಿದುಕೊಂಡು ಮನೆಗೆ ಬಂದಳು.

‘ತಿದ್ದಿದ್ಯನೇ?’ ಎಂದ ಅಪ್ಪ. ಅವಳ ತೊಡೆಯ ಮೇಲೆ ಅಪ್ಪನ ಭಾಷಣವಿತ್ತು, ರೂಲು ಹಾಳೆಯ ಒಂದೂವರೆ ಮಗ್ಗುಲು. ನೀನು ಬಿ.ಎ. ಅಲ್ದಾ, ತಪ್ಪಿದ್ರೆ ಸರಿ ಮಾಡು ಎಂದು ಬಸ್ಸು ಹತ್ತುವಾಗಲೇ ಪೆನ್ನಿನ ಸಮೇತ ಕೊಟ್ಟಿದ್ದ. ‘ಮೂವತ್ತೊಂದು ವರ್ಷದಲ್ಲಿ ಒಂದು ದಿಮ್ಮಿಯನ್ನೂ ನೋಡದೆ ಬರೆದವನಲ್ಲ. ಮಳೆಗಾಲದಲ್ಲಿ ನಂಬರು ಅಳಿಸಿಹೋದರೆ ಇನ್ನೊಮ್ಮೆ ಬರೆದಿದ್ದೇನೆ. ಇದರಲ್ಲಿ ದೊಡ್ಡದೇನಿಲ್ಲ. ಆದರೂ ನೆನಪಿಸಿದ್ದೀರಿ.’ ಬಳಗದಲ್ಲಿ ಅವಳ ಕೆಂಪು ಗೆರೆಗೆ ಹೆದರಿ ಪಂಡಿತರು ಮೊದಲೇ ಕ್ಷಮೆ ಕೇಳಿ ಬರೆಯುತ್ತಿದ್ದರು. ಇಲ್ಲಿ ಪೆನ್ನು ಹಾಳೆಯ ಮೇಲೆ ಒಂದು ಚುಕ್ಕೆಯನ್ನೂ ಮೂಡಿಸಲಿಲ್ಲ.

‘ಎಲ್ಲಾ ಸರಿ ಅದೆ, ಅಪ್ಪ.’

‘ಒಂದೂ ತಪ್ಪಿಲ್ಯಾ?’ ಅವನಿಗೆ ನಂಬಿಕೆ ಬರಲಿಲ್ಲ. ‘ಹಂಗಾರೆ ನೀನು ಓದ್ಲಿಲ್ಲೆ.’

ಫೋನು ಬಂದದ್ದು ಹೋದ ಭಾನುವಾರ. ಬಳಗದ ಅಧ್ಯಕ್ಷ ಶಾಂತಾರಾಮ ಮಾಸ್ತರರು, ನಿವೃತ್ತ ಹೈಸ್ಕೂಲು ಕನ್ನಡ ಮಾಸ್ತರರು, ಕೊಟ್ಟ ನಂಬರಿಗೆ ಕರೆ ಮಾಡಿ, ತಮ್ಮ ಸೇವೆಯನ್ನು ಗುರುತಿಸಿ ಬಳಗ ಸನ್ಮಾನಿಸಲು ತೀರ್ಮಾನಿಸಿದೆ, ಬರುವ ಭಾನುವಾರ ಯಲ್ಲಾಪುರಕ್ಕೆ ಬರೋಣವಾಗಲಿ ಎಂದರು. ಅಪ್ಪ ‘ಆತು, ಬತ್ತೆ’ ಎಂದು ಇಟ್ಟ. ಮೂವತ್ತು ಸೆಕೆಂಡು. ‘ಎಂತಕ್ಕೆ ಅಂತ ಕೇಳಿದ್ರಾ?’ ಎಂದಳು ಅಮ್ಮ. ಗಂಗೆ ಎಂದು ಹೆಸರಿಟ್ಟದ್ದಕ್ಕೋ ಏನೋ, ಅವಳ ಬಾಯಿಗೆ ಕಟ್ಟೆಯಿಲ್ಲ. ‘ಕೇಳೋದಾ?’ ಎಂದು ಅಪ್ಪ ಅವಳನ್ನೇ ಮರುಕದಿಂದ ನೋಡಿದ. ‘ಊಟಕ್ಕೆ ಕರ್ದವರ ಹತ್ರ ಎಂತ ಸಾಂಬಾರು ಅಂತ ಕೇಳ್ತ್ರಾ?’ ಅದೂ ನಿಜ. ಈ ಸೀಮೆಯಲ್ಲಿ ಸನ್ಮಾನಕ್ಕೆ ಕಾರಣ ಕೇಳಿದವರಿಲ್ಲ. ನಾಟಕದಲ್ಲಿ ಪರದೆ ಎಳೆದವರಿಗೆ, ಸೊಸೈಟಿಯಲ್ಲಿ ಸೋತವರಿಗೆ, ಆಪರೇಷನ್ ಮುಗಿಸಿ ಬದುಕಿ ಬಂದವರಿಗೆ, ಎಲ್ಲರಿಗೂ ಆಗುತ್ತದೆ. ಶಾಲು ಹೊದ್ದವರು ಕೈಮುಗಿಯುತ್ತಾರೆ, ಪೇಪರಿನವರು ಫೋಟೋ ಹಾಕುತ್ತಾರೆ. ಕೇಳಿದರೆ ಸೊಕ್ಕು, ಬೇಡವೆಂದರೆ ಇನ್ನೂ ಸೊಕ್ಕು. ಬಾಗಿಲ ಸಂದಿಯಲ್ಲಿ ನಿಂತಿದ್ದ ಮಮತಾಗೆ ಆಗಲೇ ತಿಳಿಯಿತು. ಆಗಲೇ ಹೇಳಬಹುದಿತ್ತು. ಆದರೆ ಅಪ್ಪ ಫೋನು ಇಟ್ಟವನು ಕನ್ನಡಿಯ ಮುಂದೆ ಹೋಗಿ, ಶಾಲು ಹೊದೆಸಿಕೊಳ್ಳಲು ಬಗ್ಗುವವರಂತೆ ಸ್ವಲ್ಪ ಬಗ್ಗಿ ನೋಡಿಕೊಂಡ. ನಿವೃತ್ತಿಯ ದಿನ ಅವನಿಗೆಂದು ತಂದ ಶಾಲನ್ನು, ಅದೇ ದಿನ ವರ್ಗವಾಗಿದ್ದ ಸಾಹೇಬರಿಗೆ ಹೊದೆಸಿ, ನಿನಗೆ ಆಮೇಲೆ ಮಾಡುವಾ ಎಂದಿದ್ದರಂತೆ. ಆರು ವರ್ಷ ಅದನ್ನು ಅವನು ನಗೆಚಾಟಿಕೆಯಂತೆ ಹೇಳಿಕೊಂಡು ಬಂದಿದ್ದ. ಕನ್ನಡಿಯ ಮುಂದೆ ಬಗ್ಗಿದ ಬೆನ್ನು ಕಂಡ ಮೇಲೆ ಅದು ನಗೆಯದ್ದಲ್ಲವೆಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದೇ ಬಾಯಿ ಹೊಲಿದುಹೋಯಿತು. ಹೇಳಿದರೆ ಅವನ ಒಂದೇ ಒಂದು ಸನ್ಮಾನವನ್ನು ಅವಳು ಕಿತ್ತುಕೊಂಡಂತೆ. ಹೇಳದಿದ್ದರೆ ಮೂವತ್ತು ಜನರೆದುರು ಅವನು ಗುಂಡಿಗಳ ಸಭೆಯಲ್ಲಿ ದಿಮ್ಮಿಯ ಭಾಷಣ ಓದುತ್ತಾನೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಇನ್ನಾರು ವರ್ಷ ನಗುತ್ತಾನೆ.

ಯಲ್ಲಾಪುರದಲ್ಲಿ ಇಳಿದಾಗ ಹೆದ್ದಾರಿಯ ಲಾರಿಗಳು ಎಂದಿನಂತೆ ಇಡೀ ಪೇಟೆಗೆ ಹಾರನ್ನು ಹೊಡೆದು ಬುದ್ಧಿ ಹೇಳುತ್ತಿದ್ದವು. ಸಭೆ ಒಂದು ಖಾಸಗಿ ಟ್ಯೂಷನ್ ಕ್ಲಾಸಿನ ಮಾಳಿಗೆಯಲ್ಲಿ. ಮೆಟ್ಟಿಲು ಹತ್ತಿದ ಮೇಲೆ ಮೊದಲು ಕಂಡದ್ದು ಫ್ಲೆಕ್ಸು. ‘ಶ್ರೀ ಜಟ್ಟಪ್ಪ, ಶಿರಸಿ ಇವರಿಗೆ ಅಭಿನಂದನಾಪೂರ್ವಕ ಸನ್ಮಾನ.’ ಪಕ್ಕದ ದುಂಡನೆಯ ಚೌಕಟ್ಟಿನಲ್ಲಿ ಫೋಟೋ ಇರಬೇಕಾದಲ್ಲಿ ಒಂದು ಬೂದು ತಲೆ, ಬೂದು ಭುಜ. ಮೂಗು ಕಣ್ಣು ಒಂದೂ ಇಲ್ಲ. ಖಾತೆಗೆ ಅವಳು ಫೋಟೋ ಹಾಕಿರಲಿಲ್ಲ. ಫೋಟೋ ಇಲ್ಲದವರಿಗೆ ವೆಬ್‌ಸೈಟು ತಾನಾಗಿ ಕೊಡುವ ಆ ನಿರಾಕಾರ ಆಕೃತಿಯನ್ನೇ ಫ್ಲೆಕ್ಸಿನವನು ಮೂರಡಿ ಅಗಲ ಮಾಡಿ ಹೊಡೆದಿದ್ದ. ಅಪ್ಪ ಅದನ್ನು ಬಹಳ ಹೊತ್ತು ನೋಡಿದ.

‘ಕಿವೀನೂ ಹಾಕ್ಲಿಲ್ಲಲೆ,’ ಎಂದ ಮೆಲ್ಲಗೆ.

‘ಬರ್ರಿ ಬರ್ರಿ, ಜಟ್ಟಪ್ಪನವರು ಬರ್ರಿ!’ ಶಾಂತಾರಾಮ ಮಾಸ್ತರರು ಎರಡೂ ಕೈ ಚಾಚಿಕೊಂಡು ಬಂದರು. ಸಂದೇಶಗಳಲ್ಲಿ ಆರಡಿ ಇರುತ್ತಿದ್ದ ಮನುಷ್ಯ ನಿಜಕ್ಕೆ ಐದಕ್ಕೆ ಎರಡಿಂಚು ಕಮ್ಮಿ. ‘ನಿಮ್ಮನ್ನ ನೋಡಿ ಬಾಳ ಸಂತೋಷ ಆತು. ಬಹುವಚನದ ವಿಷಯದಾಗ ನಾ ಇನ್ನೂ ಸೋತಿಲ್ಲ, ತಿಳೀರಿ. ಆದ್ರ ಇವತ್ತು ಜಗಳ ಬ್ಯಾಡ.’

‘ಬೇಡ ಬೇಡ,’ ಎಂದ ಅಪ್ಪ ಉದಾರವಾಗಿ. ಡಿಪೋದಲ್ಲಿ ಯಾವ ವಿಷಯಕ್ಕೆ ಈ ಮನುಷ್ಯನ ಜೊತೆ ಜಗಳವಾಗಿತ್ತೆಂದು ನೆನಪು ಮಾಡಿಕೊಳ್ಳುತ್ತಿರುವುದು ಅವನ ಹುಬ್ಬಿನಲ್ಲಿ ಕಾಣುತ್ತಿತ್ತು. ‘ಹಳೇದೆಲ್ಲಾ ಎಂತಕ್ಕೆ ಈಗ.’

‘ನೋಡ್ರಿ, ಇದು ದೊಡ್ಡತನ,’ ಎಂದು ಮಾಸ್ತರರು ಸುತ್ತಲಿದ್ದವರಿಗೆ ತೋರಿಸಿದರು. ಇಪ್ಪತ್ತು ಜನ ಇದ್ದಿರಬಹುದು. ಹೆಚ್ಚಿನವರು ಕನ್ನಡಕದವರು. ಇಬ್ಬರು ಫ್ಲೆಕ್ಸಿನ ಕೆಳಗೇ ನಿಂತು, ಅಭಿನಂದನೆ ಸನ್ಮಾನ ಎರಡೂ ಒಂದೇ ಆಗಿರುವಾಗ ‘ಪೂರ್ವಕ’ ಎಂದರೆ ಯಾವುದು ಮೊದಲು ಎಂದು ಜಗಳ ಶುರುಮಾಡಿಯಾಗಿತ್ತು. ಇವರೆಲ್ಲರನ್ನೂ ಅವಳು ಬಲ್ಲಳು. ಯಾರು ಸೋತಾಗ ಗಾದೆ ಹೇಳುತ್ತಾರೆ, ಯಾರು ಸಂಸ್ಕೃತದ ಹಿಂದೆ ಅಡಗುತ್ತಾರೆ, ಯಾರು ಊಟ ಮಾಡಿ ಬರುತ್ತೇನೆಂದು ಹೋಗಿ ಎರಡು ದಿನ ಬರುವುದಿಲ್ಲ, ಎಲ್ಲ ಗೊತ್ತು. ಅವರಲ್ಲಿ ಒಬ್ಬರೂ ಅವಳತ್ತ ನೋಡಲಿಲ್ಲ. ಬೂದು ತಲೆಗಿಂತ ಹೆಚ್ಚಿನ ಮೂಗು ಕಣ್ಣು ತನಗಾದರೂ ಇದೆಯೇ ಎಂದು ಅವಳಿಗೆ ಅನುಮಾನವಾಗಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತಳು.

ನೋಡಿದವಳು ಒಬ್ಬಳೇ. ತಲೆಯ ಮೇಲಿನ ದುಪ್ಪಟ್ಟ ಸರಿಮಾಡಿಕೊಳ್ಳುತ್ತ, ಕಂಕುಳಲ್ಲಿ ಒಂದು ಫೈಲು ಇಟ್ಟುಕೊಂಡು ಬಂದು ಪಕ್ಕದಲ್ಲಿ ಕೂತು, ‘ನಾನು ಸನಾ. ನೀವು ಜಟ್ಟಪ್ಪ ಸರ್ ಮಗಳಲ್ರೀ?’ ಎಂದಳು. ಮೂರು ವಾರ ಹೊಡೆದಾಡಿದ ವಕೀಲೆ. ಇಷ್ಟು ಚಿಕ್ಕವಳೆಂದು ಮಮತಾ ಎಣಿಸಿರಲಿಲ್ಲ. ತನ್ನದೇ ವಯಸ್ಸು. ‘ಹ್ಞೂ’ ಎಂದಳು. ‘ನಿಮ್ಮ ಬಗ್ಗೆ ಸರ್ ಬರದದ್ದು ಓದೀನಿ. ಬಾಳ ನಕ್ಕಿದ್ದೆ. ಬ್ಯಾಸರ ಮಾಡ್ಕೋಬ್ಯಾಡ್ರಿ, ಇವತ್ತು ಅಭಿನಂದನಾ ಮಾತಿನಾಗ ಅದನ್ನೂ ಹಾಕೀನಿ.’

ಅದು. ಅದನ್ನು ಮಮತಾ ಮರೆತೇಬಿಟ್ಟಿದ್ದಳು. ಮರೆತಿದ್ದಳು ಎಂಬುದೂ ಪೂರ್ತಿ ಸತ್ಯವಲ್ಲ. ನಲವತ್ತೊಂದು ಜನ ಮೆಚ್ಚಿದ್ದನ್ನು ಯಾರು ಮರೆಯುತ್ತಾರೆ. ಕಂಪ್ಯೂಟರಿನ ತೆರೆ ಮೌನವಾಗಿರಬೇಕೋ, ತಾನಾಗಿ ‘ನಮಸ್ಕಾರ, ಏನು ಸಹಾಯ ಬೇಕು?’ ಎಂದು ಕೇಳಬೇಕೋ ಎಂಬ ಜಗಳದಲ್ಲಿ, ಮಾತಾಡದ ತೆರೆಯ ಪಕ್ಷ ವಹಿಸಿ, ಗೆಲ್ಲುವ ಹುಮ್ಮಸ್ಸಿನಲ್ಲಿ ಬರೆದದ್ದು. ನೀವು ಅದನ್ನು ಓದಬೇಡಿ ಎನ್ನಬೇಕಿತ್ತು. ಬಾಯಿ ತೆರೆಯುವುದರೊಳಗೆ ಮೈಕು ಕೀಂ ಎಂದಿತು, ಸನಾ ಎದ್ದುಹೋದಳು.

ಅಪ್ಪನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಮಾಸ್ತರರು ಶಾಲು ಹೊದೆಸಿದರು, ಬಾಳೆಹಣ್ಣು ತೆಂಗಿನಕಾಯಿಯ ಹರಿವಾಣ ಕೊಟ್ಟರು. ಅಪ್ಪ ಕನ್ನಡಿಯ ಮುಂದೆ ಬಗ್ಗಿದಷ್ಟೇ ಬಗ್ಗಿದ, ಒಂದಿಂಚೂ ಹೆಚ್ಚಿಲ್ಲ. ಸನಾ ಓದತೊಡಗಿದಳು. ‘ಎರಡು ವರ್ಷದಲ್ಲಿ ಆರುನೂರ ಹನ್ನೆರಡು ಪದಗಳನ್ನು ಪರೀಕ್ಷಿಸಿ...’ ಅಪ್ಪ ತಲೆದೂಗಿದ. ಸನ್ಮಾನದ ಮಾತೆಂದರೆ ಹೀಗೇ, ಎಲ್ಲಿಂದಲೋ ಎಲ್ಲಿಗೋ ಹೋಗುತ್ತದೆ ಎಂದು ಅವನಿಗೆ ಗೊತ್ತು. ‘ಕಿಟಕಿ’, ‘ಪರಿವಿಡಿ’, ‘ಮಾಹಿತಿ ಕಾಯುವವರ ಹೊಣೆ’ ಎಂದು ಅವಳು ಓದಿದಂತೆಲ್ಲ ಅವನು ಸಭ್ಯವಾಗಿ, ತುಸು ನಿಧಾನವಾಗಿ ತಲೆದೂಗುತ್ತಿದ್ದ. ಎತ್ತಿನ ಮಾತು ಬಂತು. ಸಭೆ ಚಪ್ಪಾಳೆ ಹೊಡೆಯಿತು. ಅಪ್ಪನ ತಲೆ ನಿಂತಿತು. ತನ್ನ ಮನೆಯ ಗೇಟಿನಲ್ಲಿ ಅಂದ ಮಾತು ಯಲ್ಲಾಪುರದ ಮಾಳಿಗೆಗೆ ಯಾವ ಬಸ್ಸಿನಲ್ಲಿ ಬಂತು ಎಂಬಂತೆ ಅವನು ಸಭೆಯ ಮೇಲೆ ಕಣ್ಣಾಡಿಸಿ, ಗೋಡೆ ಬದಿಯ ಕುರ್ಚಿಗೆ ತಂದು ನಿಲ್ಲಿಸಿದ. ದಿಮ್ಮಿಯ ಸುತ್ತಳತೆಯನ್ನು ಟೇಪು ಹಿಡಿಯುವ ಮೊದಲೇ ಅಂದಾಜು ಹೇಳುತ್ತಿದ್ದನಂತೆ, ಅರ್ಧ ಇಂಚೂ ತಪ್ಪುತ್ತಿರಲಿಲ್ಲವಂತೆ. ಮಮತಾ ತಲೆ ತಗ್ಗಿಸಿದಳು.

‘ಇನ್ನು ಸರ್ ಅವರ ಹಾಸ್ಯಕ್ಕೆ ಒಂದೇ ಉದಾಹರಣೆ,’ ಸನಾ ನಕ್ಕು ಹಾಳೆ ತಿರುವಿದಳು. ‘ಮಾತಾಡದ ತೆರೆ ನಮ್ಮ ಮನೆಯಲ್ಲೂ ಒಂದಿದೆ. ನನ್ನ ಮಗಳು. ಬಿ.ಎ. ಮಾಡಿಸಿದ್ದೇನೆ. ಎಲ್ಲಿ ಒತ್ತಿದರೂ ತೆರೆದುಕೊಳ್ಳುವುದಿಲ್ಲ. ಇದು ಕೆಟ್ಟಿದೆಯೋ, ಇದರ ವಿನ್ಯಾಸವೇ ಹೀಗೋ ಎಂದು ಇಪ್ಪತ್ತನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ವಾಪಸು ಕೊಡುವಾ ಎಂದರೆ ಅಂಗಡಿಯವನಿಲ್ಲ.’

ಸಭೆ ಬಿದ್ದು ಬಿದ್ದು ನಕ್ಕಿತು. ಪೂರ್ವಕದ ಜಗಳದವರು ಒಬ್ಬರ ತೊಡೆ ಒಬ್ಬರು ಬಡಿದುಕೊಂಡರು. ಬರೆದ ದಿನ ಮಮತಾ ತಾನೂ ನಕ್ಕಿದ್ದಳು. ಎಷ್ಟು ಸುಲಭವಾಗಿ ಬಂದಿತ್ತು! ಉಳಿದ ವಾದಗಳಿಗೆ ಪುಸ್ತಕ ತಿರುವಿದವಳಿಗೆ ಇದಕ್ಕೆ ಏನೂ ತಿರುವಬೇಕಾಗಿರಲಿಲ್ಲ. ಅಪ್ಪ ಊಟದ ಹೊತ್ತಿಗೆ ಏನೋ ಕೇಳಿ, ತಾನು ‘ಹ್ಞೂ’ ಎಂದು, ಅವನು ಇನ್ನೊಂದು ತುತ್ತು ಕಲಸುತ್ತ ಸುಮ್ಮನಾಗುವ ಆ ಒಂದು ಗಳಿಗೆಯೊಳಗೆ ಕೂತು ಬರೆದರೆ ಸಾಕಾಯಿತು. ಅವನು ಎಂದೂ ಒಂದು ಕಟು ಮಾತಾಡಿದವನಲ್ಲ. ಆಡದ ಮಾತನ್ನು ಅವನ ಹೆಸರಲ್ಲಿ ಆಡಿಸಿ, ನಲವತ್ತೊಂದು ಮೆಚ್ಚುಗೆ ಎಣಿಸಿ ಚಹಾ ಕುಡಿದಿದ್ದಳು. ಈಗ ನಗುವಿನ ನಡುವೆ ನಗದೆ ಕೂತವರು ಇಬ್ಬರೇ. ಅವರಲ್ಲಿ ಒಬ್ಬ ಶಾಲು ಹೊದ್ದಿದ್ದ.

‘ಈಗ ಸನ್ಮಾನಿತರು ಎರಡು ಮಾತು,’ ಎಂದರು ಮಾಸ್ತರರು. ಅಪ್ಪ ಎದ್ದ. ಜೇಬಿನಿಂದ ಭಾಷಣದ ಹಾಳೆ ತೆಗೆದ, ನೋಡಿದ, ಮಡಿಚಿ ಮತ್ತೆ ಇಟ್ಟ. ಮೈಕನ್ನು ದಿಮ್ಮಿಗೆ ಹೊಡೆದು ನೋಡುವಂತೆ ಬೆರಳಿನಿಂದ ಎರಡು ಸಲ ಬಡಿದ.

‘ನಮಸ್ಕಾರ. ನೀವು ಹೇಳಿದ್ದು ಅರ್ಧ ನಂಗೆ ತಿಳೀಲಿಲ್ಲೆ. ತಿಳೀದಿದ್ರೂ ಒಳ್ಳೇದೇ ಇದ್ದಿಕ್ಕು. ಎಲ್ಲಾ ನಂದೇ ಅಂತ ಇರ್ಲಿ, ನಂದೇನೂ ತಕರಾರಿಲ್ಲೆ. ಆದ್ರೆ ಕೊನೀಗೆ ಓದಿದ್ರಲ, ಮಗಳದ್ದು. ಅದನ್ನ ನಾ ಹೇಳಿದ್ದಿಲ್ಲೆ. ಅದೊಂದನ್ನ ಹೊಡ್ದು ಹಾಕಿ. ಹೊಡ್ದು ಹಾಕಿದ್ರೆ ಶಾಲು ಇಟ್ಕತ್ತೆ. ಇಲ್ದಿದ್ರೆ ಇಲ್ಲೇ ಬಿಟ್ಟಿಕ್ಕಿ ಹೋಗ್ತೆ.’

ಸಭೆಗೆ ಇದಕ್ಕಿಂತ ಒಳ್ಳೆಯ ಸನ್ಮಾನ ಇರಲಿಲ್ಲ. ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ದಾಖಲೆ ಅಳಿಸುವುದು ಇತಿಹಾಸಕ್ಕೆ ಮಾಡುವ ದ್ರೋಹ ಎಂದರು ಒಬ್ಬರು. ಬರೆದವರಿಗೆ ಮರೆಸುವ ಹಕ್ಕಿದೆ ಎಂದರು ಇನ್ನೊಬ್ಬರು. ಹಕ್ಕಿರುವುದು ಬರೆದವರಿಗೋ, ಯಾರ ಬಗ್ಗೆ ಬರೆದರೋ ಅವರಿಗೋ ಎಂದು ಹಿಂದಿನ ಸಾಲಿನಿಂದ ಕೂಗು ಬಂತು. ‘ಅಲ್ರೀ, ಅವರೇ ಹೇಳಿಲ್ಲ ಅಂತಾರ, ಹಂಗಾದ್ರ ಬರದವರು ಯಾರು?’ ಎಂದರು ಮಾಸ್ತರರು. ಸನಾ ಕೈ ಎತ್ತಿದಳು. ‘ಒಂದು ನಿಮಿಷ. ನಾನು ಬಳಗದ ನಿರ್ವಾಹಕಿ ಆದ್ರೂ ಬ್ಯಾರೆಯವರ ಬರಹ ನಾ ತೆಗಿಯೂದಕ್ಕ ಬರೂದಿಲ್ಲ. ಖಾತೆ ಯಾರದೋ ಅವರೇ ತಮ್ಮ ಫೋನಿನಾಗ ಅಳಸಬೇಕು. ಸರ್, ಫೋನು ತಂದೀರಲ್ರೀ?’

ಅಪ್ಪ ಜೇಬಿನಿಂದ ಕೀಪ್ಯಾಡ್ ಫೋನು ತೆಗೆದ. ರಬ್ಬರು ಹಾಕಿ ಕಟ್ಟಿತ್ತು. ಇಪ್ಪತ್ತು ಕನ್ನಡಕಗಳು ಅದನ್ನು ನೋಡಿದವು. ಅದರಲ್ಲಿ ಕನ್ನಡ ಬರೆಯುವುದಿರಲಿ, ಕನ್ನಡ ಮೂಡುವುದೂ ಇಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆರುನೂರ ಹನ್ನೆರಡು ಪದ ಪರೀಕ್ಷಿಸಿದವರ ಕೈಯಲ್ಲಿ ಆ ಫೋನು ಬಹಳ ಚಿಕ್ಕದಾಗಿ ಕಂಡಿತು. ಮಾಸ್ತರರ ಕಣ್ಣು ಅಪ್ಪನ ಶಾಲಿನ ಮೇಲೆ ಹೋಗಿ ಬಂದದ್ದನ್ನು ಮಮತಾ ಕಂಡಳು. ಇನ್ನೊಂದು ಗಳಿಗೆ ಹೋದರೆ ಯಾರಾದರೂ ನಕ್ಕಾರು, ಅಥವಾ, ಅದಕ್ಕಿಂತ ಕೆಟ್ಟದ್ದು, ಅಪ್ಪ ನಕ್ಕಾನು.

ಅವಳು ಎದ್ದುನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಇಡೀ ಮಾಳಿಗೆ ತಿರುಗಿತು. ಏನಾದರೂ ಹೇಳಬೇಕಾಗಿತ್ತು. ಹೇಳುವ ಬದಲು ಚೀಲದಿಂದ ಫೋನು ತೆಗೆದು, ‘ಜಟ್ಟಪ್ಪ, ಶಿರಸಿ’ ಎಂಬ ಖಾತೆ ತೆರೆದು, ಆ ಬರಹವನ್ನು ಹುಡುಕಿದಳು. ಎರಡು ಸಲ ಬೇರೆ ಗುಂಡಿ ಒತ್ತಿದಳು. ಮೂರನೆಯದಕ್ಕೆ ಅಳಿಸಿದಳು. ಬರಹ ಅಳಿಸಿತೆಂಬ ಸೂಚನೆ ಬಂದು ಸನಾಳ ಫೈಲಿನ ಮೇಲಿದ್ದ ಫೋನು ಟಣ್ ಎಂದಿತು. ಸನಾ ಅದನ್ನು ನೋಡಿದಳು, ಮಮತಾಳನ್ನು ನೋಡಿದಳು. ಅವಳ ಬಾಯಿ ಮೆಲ್ಲಗೆ ತೆರೆದುಕೊಂಡಿತು.

‘ನೀವಾ?’ ಎಂದಳು. ‘ಆ ಒಪ್ಪಿಗೆಯ ಚೌಕ? ಮೂರು ವಾರ? ಅದು ನೀವಾ?’

‘ಹ್ಞೂ,’ ಎಂದಳು ಮಮತಾ. ಅಭ್ಯಾಸಬಲ. ಆದರೆ ಅದು ಸಾಲದೆಂದು ಅವಳಿಗೇ ಅನಿಸಿ, ‘ನಿಮ್ಮ ಎರಡನೇ ವಾರದ ವಾದ ಸರಿ ಇತ್ತು,’ ಎಂದಳು. ತನ್ನ ದನಿ ಮಾಳಿಗೆಯ ತಗಡಿಗೆ ತಾಗಿ ವಾಪಸು ಬಂದದ್ದು ಕೇಳಿಸಿತು. ‘ನಾನು ಗೆಲ್ಲಬೇಕು ಅಂತ ಅದಕ್ಕೆ ಉತ್ತರ ಕೊಡದೆ ಬೇರೆ ಕಡೆ ತಿರುಗಿಸಿದೆ.’

‘ನಂಗ ಗೊತ್ತಿತ್ತು!’ ಸನಾ ಮೈಕು ಮರೆತು ಕೂಗಿದಳು. ‘ನಂಗ ಗೊತ್ತಿತ್ತು ನೀವು ತಿರುಗಿಸಿದ್ರಿ ಅಂತ!’

ಮಾಸ್ತರರು ಕೈ ಎತ್ತಿ ಸಭೆಯನ್ನು ತಹಬಂದಿಗೆ ತರಲು ನೋಡಿದರು. ‘ಅಲ್ರೀ, ಇದು ಗಂಭೀರ ವಿಷಯ. 
ನಿಜನಾಮದ ನಿಯಮ ಮುರದಂಗಾತಲ್ಲ, ತಂಗೀ.’ ಮುರಿದಿಲ್ಲ, ಒಂಬತ್ತನೇ ಪುಟ ನೋಡಿ, ನಂಬರಿನ ಹೆಸರೇ ಕೊಡಬೇಕು ಎಂದಿದೆ, ಬರೆಯುವವರ ಹೆಸರು ಎಂದು ಎಲ್ಲೂ ಇಲ್ಲ ಎಂದಳು ಮಮತಾ. ನಿಯಮದ ಆಶಯ ಬ್ಯಾರೆ ಎಂದರು ಅವರು. ಆಶಯ ಬೇರೆಯಿದ್ದರೆ ಬೇರೆಯಾಗಿ ಬರೆಯಬೇಕಿತ್ತು ಎಂದಳು ಅವಳು. ‘ನಾನು ಒಪ್ಪೂದಿಲ್ಲ!’ ಎಂದು ಮಾಸ್ತರರು ಕೆಂಪಾದರು. ಅವಳಿಗೆ ಮೈಯೆಲ್ಲ ಬೆಚ್ಚಗಾಯಿತು. ಈಗ ಪ್ರಶ್ನೆ, ಹೊದೆಸಿದ ಶಾಲನ್ನು ವಾಪಸು ಪಡೆಯಬಹುದೋ ಇಲ್ಲವೋ ಎಂಬುದಕ್ಕೆ ತಿರುಗಿತು. ಸಭೆ ಎರಡಾಯಿತು, ಆಮೇಲೆ ಮೂರಾಯಿತು. ಯಾರೋ ಚಹಾ ತಂದರು. ಶಾಲು ಹೊದ್ದವನನ್ನು ಕೇಳುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ.

ಅವನು ವೇದಿಕೆಯಿಂದ ಇಳಿದು, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅದರ ಮೇಲೇ ಕೂತು ಚಹಾ ಕುಡಿಯುತ್ತಿದ್ದ. ಮಮತಾ ಬಂದು ಪಕ್ಕದಲ್ಲಿ ನಿಂತಳು. ಅವನು ಬೈಯುವನೆಂದು ಕಾದಳು. ಬೈದಿದ್ದರೆ ಚೆನ್ನಾಗಿತ್ತು.

‘ಅಪ್ಪ, ಅದು... ಬರೀಬಾರ್ದಿತ್ತು.’

ಅವನು ಲೋಟ ಖಾಲಿ ಮಾಡಿ ಕೆಳಗಿಟ್ಟ. ಏನೋ ಲೆಕ್ಕ ಹಾಕುವವನಂತೆ ನೆಲ ನೋಡಿದ.

‘ಯೋಚ್ನೆ ಮಾಡಿದ್ದು ಹೌದು,’ ಎಂದ.

‘ಎಂತದು?’

‘ಅದೇ. ಕೆಟ್ಟದ್ಯಾ, ಹಿಂಗೇಯಾ ಅಂತ. ಒಂದೆರಡು ಸಲ ಯೋಚ್ನೆ ಬಂದಿತ್ತು. ನಿನ್ನ ಅಮ್ಮನ ಹತ್ರಾನೂ ಹೇಳಿದ್ದಿಲ್ಲೆ.’ ಅವನು ತಲೆಯೆತ್ತಿದ. ನಾಚಿಕೆಯಿಂದ ಅವನ ಮುಖ ಕಪ್ಪಿಟ್ಟಿತ್ತು. ಆದರೆ ಅದರ ಅಡಿಯಲ್ಲಿ ಅವಳು ಎಂದೂ ಕಾಣದ ಒಂದು ಕುತೂಹಲವೂ ಇತ್ತು. ‘ಅಲ್ಲ, ನಾ ಒಂದು ಕೇಳ್ತೆ. ಯೋಚ್ನೆ ಮಾಡಿದ್ದು ನಾನು. ಬರ್ದದ್ದು ನೀನು. ಹೇಳಿದ್ದಿಲ್ಲೆ ಅಂತ ನಾ ಮೈಕಲ್ಲಿ ಹೇಳಿದ್ದು ಸುಳ್ಳಲ್ಲ. ಹಂಗಾರೆ ಅದು ಯಾರ್ದಾತು?’

ಹಿಂದೆ ಮಾಸ್ತರರು ಶಾಲಿನ ಬಗ್ಗೆ ಏನೋ ಗಾದೆ ಹೇಳುತ್ತಿದ್ದರು, ಎಂದರೆ ಅವರು ಸೋಲುತ್ತಿದ್ದರು. ಸನಾ ಮಮತಾಳ ಹೆಸರೇನೆಂದು ಯಾರನ್ನೋ ಕೇಳುತ್ತಿದ್ದಳು. ಮಮತಾ ಅಪ್ಪನ ಎದುರಿನ ಕುರ್ಚಿಯಲ್ಲಿ ಕೂತಳು. ಅತ್ತುಬಿಡುತ್ತೇನೆ ಅನಿಸಿದ್ದು ಹೇಗೋ ಬೇರೆಯಾಗಿ ಹೊರಗೆ ಬಂತು.

‘ಇದ್ರಲ್ಲಿ ಎರಡು ವಾದ ಅದೆ, ಅಪ್ಪ.’

‘ಹೇಳು,’ ಎಂದು ಅವನು ಕುರ್ಚಿಯನ್ನು ಅವಳತ್ತ ಎಳೆದುಕೊಂಡ.